ದೊಡ್ಡವರ ಮೊಡವೆಗೆ ನೀಲಿ ಬೆಳಕು: ಮನೆಯಲ್ಲಿ ಬಳಸುವುದು ಹೇಗೆ

ಮುಖಕ್ಕೆ ನೀಲಿ, ಕೆಂಪು ಬೆಳಕು ಬಿಡುವ ಎಲ್‌ಇಡಿ ಮಾಸ್ಕ್ ಕೊಳ್ಳುವ ಮೊದಲು ಕನ್ನಡಿ ಹಿಡಿದುಕೊಂಡು ಕಿಟಕಿ ಪಕ್ಕ ನಿಲ್ಲಿ, ಬೆಳಗಿನ ಬೆಳಕಿನಲ್ಲಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಎಲ್ಲಾ ಗುಳ್ಳೆಯೂ ಒಂದೇ ತರ ಕಾಣುತ್ತದೆ. ಕೆಂಪಗೆ ಊದಿಕೊಂಡು, ಮುಟ್ಟಿದರೆ ನೋಯುವ, ತುದಿಯಲ್ಲಿ ಸ್ವಲ್ಪ ಕೀವು ಕಟ್ಟುವ ಮೊಡವೆ ನಿಮ್ಮದಾದರೆ ಬೆಳಕಿನ ಚಿಕಿತ್ಸೆಯಿಂದ ಉಪಯೋಗ ಆಗಬಹುದು. ಮೂಗಿನ ಮೇಲೆ ಕಪ್ಪು ಚುಕ್ಕೆ, ಹಣೆಯಲ್ಲಿ ಊತವಿಲ್ಲದ ಬಿಳಿ ಗುಳ್ಳೆ ಮಾತ್ರ ಇದ್ದರೆ ದುಡ್ಡು ಉಳಿಸಿಕೊಳ್ಳಿ, ಅದಕ್ಕೆ ರಾತ್ರಿ ಹಚ್ಚುವ ಅಡಾಪಲೀನ್ ಅನ್ನುವ ಮೊಡವೆ ಔಷಧಿ ಮೇಲು (ಬಸುರಿಯರು ಅದನ್ನು ಹಚ್ಚಬಾರದು). ಇನ್ನು ದವಡೆಯ ಒಳಗೆ ಗೋಲಿಯಷ್ಟು ದಪ್ಪ ಗಂಟು ಎದ್ದು, ಒಣಗಿದ ಮೇಲೆ ಗುಂಡಿ ಬೀಳುವ ಜಾತಿಯದ್ದಾದರೆ ಮನೆಮದ್ದೂ ಬೇಡ, ಮಾಸ್ಕೂ ಬೇಡ. ಸೀದಾ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ತಡ ಮಾಡಿದಷ್ಟೂ ಕಲೆ ಆಳವಾಗುತ್ತದೆ.

ನಾನು ಇದೇನೂ ನೋಡದೆ ಶುರು ಮಾಡಿದವಳು. ಮೂವತ್ತನಾಲ್ಕು ವರ್ಷಕ್ಕೆ ಗದ್ದದ ತುಂಬ ಮೊಡವೆ. ಕಾರವಾರದ ಉಪ್ಪು ಗಾಳಿ, ಏಪ್ರಿಲ್ ಸೆಕೆ, ಸ್ಕೂಟಿ ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಉಜ್ಜುವುದು, ಎಲ್ಲವನ್ನೂ ಬೈದುಕೊಂಡೆ. ಆನ್‌ಲೈನಿನಲ್ಲಿ ಏಳು ಬಣ್ಣದ ಮಾಸ್ಕ್ ತರಿಸಿ, ಬೇಗ ಹೋಗಲಿ ಅಂತ ಹತ್ತು ನಿಮಿಷದ ಬದಲು ದಿನಾ ಅರ್ಧ ಗಂಟೆ ಹಾಕಿಕೊಂಡೆ. ಮೂರನೇ ವಾರಕ್ಕೆ ಎರಡೂ ಕೆನ್ನೆಯ ಮೇಲುಭಾಗದಲ್ಲಿ ಹೊಗೆ ಹಿಡಿದ ಹಾಗೆ ಕಪ್ಪು ಮೂಡಿತು. ಅದು ಹೋಗಲು ಮಳೆಗಾಲ ಮುಗಿಯಬೇಕಾಯಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೆಳಕು ಮಾಡುವ ಕೆಲಸ ಇಷ್ಟೇ. ನಮ್ಮ ರೋಮದ ಬುಡದಲ್ಲಿ, ಎಣ್ಣೆ ಜಾಸ್ತಿ ಇರುವ ಕಡೆ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ತನ್ನೊಳಗೆ ಪಾರ್ಫೈರಿನ್ ಅನ್ನುವ ವಸ್ತು ತಯಾರಿಸಿಕೊಳ್ಳುತ್ತದೆ. 415 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ನೀಲಿ ಬೆಳಕು ಬಿದ್ದರೆ ಈ ಪಾರ್ಫೈರಿನ್ ಅದನ್ನು ಹೀರಿಕೊಂಡು, ಹತ್ತಿರದ ಆಮ್ಲಜನಕವನ್ನು ಕೆರಳಿಸಿ, ಬ್ಯಾಕ್ಟೀರಿಯಾವನ್ನೇ ಸುಡುತ್ತದೆ. ಅಂದರೆ ಅದು ಮಾಡಿಕೊಂಡ ವಸ್ತುವೇ ಅದಕ್ಕೆ ಮುಳುವು. 630ರಿಂದ 660ರ ಕೆಂಪು ಬೆಳಕು ಇನ್ನೂ ಒಳಗೆ ಇಳಿದು ಊತ ತಗ್ಗಿಸುತ್ತದೆ. 2000ದಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ 107 ಜನರ ಮೇಲೆ ನಡೆದ ಅಧ್ಯಯನದಲ್ಲಿ, ನೀಲಿ ಮತ್ತು ಕೆಂಪು ಎರಡನ್ನೂ ದಿನಾ ಬಳಸಿದವರ ಊದಿದ ಮೊಡವೆ 12 ವಾರಕ್ಕೆ ಸರಾಸರಿ 76 ಶೇಕಡಾ ಕಡಿಮೆಯಾಗಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಬೆಳಕಿನ ಚಿಕಿತ್ಸೆಗಳ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿ, ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಅಂದರು. ಹಾಗಾಗಿ ಕ್ರೀಮಿನ ಜೊತೆಗೆ ಬೆಳಕು ಇರಲಿ, ಕ್ರೀಮ್ ಬಿಟ್ಟು ಬೆಳಕು ಬೇಡ. ಮುಟ್ಟಿನ ದಿನ ಹತ್ತಿರ ಬಂದಾಗ ಏಳುವ, ಪಿಸಿಓಡಿಯಿಂದ (ಅಂಡಾಶಯದ ಹಾರ್ಮೋನು ತೊಂದರೆ) ಬರುವ ಮೊಡವೆಗೆ ಮೂಲ ಹಾರ್ಮೋನು. ಬೆಳಕು ಎದ್ದದ್ದನ್ನು ಇಳಿಸಬಹುದು, ಹಾರ್ಮೋನಿಗೆ ಅದು ಏನೂ ಮಾಡುವುದಿಲ್ಲ.

ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ಸಂಖ್ಯೆ ಹುಡುಕಿ. ಒಂದು, ನ್ಯಾನೋಮೀಟರ್. ನೀಲಿಗೆ 405ರಿಂದ 420ರ ಒಳಗೆ ಇರಬೇಕು, ಸುಮ್ನೆ "ಬ್ಲೂ ಲೈಟ್" ಅಂತ ಬರೆದಿದ್ದರೆ ಬಿಟ್ಟುಬಿಡಿ. ಇನ್ನೊಂದು, ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಅನ್ನುವುದು. ಅದನ್ನು ಸೆಕೆಂಡಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಬಿದ್ದ ಬೆಳಕಿನ ಶಕ್ತಿಯ ಲೆಕ್ಕ ಜೂಲ್‌ನಲ್ಲಿ ಸಿಗುತ್ತದೆ. 30 ಮಿಲಿವ್ಯಾಟಿನ ಮಾಸ್ಕನ್ನು ಹತ್ತು ನಿಮಿಷ, ಅಂದರೆ 600 ಸೆಕೆಂಡ್ ಹಾಕಿಕೊಂಡರೆ 18 ಜೂಲ್. 3 ಮಿಲಿವ್ಯಾಟಿನದ್ದಾದರೆ ಅಷ್ಟೇ ಹೊತ್ತಿಗೆ 2 ಜೂಲ್ ಕೂಡ ಆಗುವುದಿಲ್ಲ, ಅದು ಬರೀ ಬಣ್ಣದ ದೀಪ. ಹಸಿರು, ಹಳದಿ, ನೇರಳೆ ಅಂತ ಏಳು ಬಣ್ಣಕ್ಕೆ ದುಡ್ಡು ಕೊಡಬೇಡಿ. ದೀಪಾವಳಿ ಸರಮಾಲೆಯ ನೀಲಿ ಬಲ್ಬಿನಿಂದ ಇದು ಆಗುವ ಕೆಲಸ ಅಲ್ಲ. ಸೊಳ್ಳೆ ಕೊಲ್ಲುವ ಮಷಿನ್ನಿನ ಬೆಳಕು, ಪಾರ್ಲರಿನಲ್ಲಿ ನೈಲ್ ಪಾಲಿಶ್ ಒಣಗಿಸುವ ಲ್ಯಾಂಪು ಎರಡನ್ನೂ ಮುಖಕ್ಕೆ ಹಿಡಿಯಲೇಬೇಡಿ. ಅವುಗಳಲ್ಲಿ ಅತಿನೇರಳೆ ಕಿರಣ ಇರುತ್ತದೆ. ಬಿಸಿಲಿಗೆ ಕೂತರೆ ಮೊಡವೆ ಒಣಗುತ್ತದೆ ಅನ್ನುವುದನ್ನೂ ನಂಬಬೇಡಿ, ಒಣಗುವುದಕ್ಕಿಂತ ಜಾಸ್ತಿ ಕಲೆ ಕಪ್ಪಾಗುತ್ತದೆ.

ಈಗ ಯಾರು ಹಾಕಿಕೊಳ್ಳಬಾರದು ಅನ್ನುವುದು. ಇದನ್ನು ಓದದೆ ಮುಂದೆ ಹೋಗಬೇಡಿ. ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ಚರ್ಮ ಬೆಳಕಿಗೆ ಬೇಗ ಕೆರಳುತ್ತದೆ. ಮೊಡವೆಗೆ ಕೊಡುವ ಈ ಮಾತ್ರೆಯನ್ನೇ ಇಲಿಜ್ವರಕ್ಕೂ ಕೊಡುತ್ತಾರೆ, ಹಾಗಾಗಿ ಮಳೆಗಾಲದಲ್ಲಿ ಜ್ವರಕ್ಕೆ ಏನು ತಗೊಂಡಿದ್ದೀರಿ ಅಂತ ಚೀಟಿ ತೆಗೆದು ನೋಡಿ. ಜೋರಾದ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುವವರೂ ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಕಣ್ಣಿನ ಒಳಪರದೆಯ (ರೆಟಿನಾ) ತೊಂದರೆ, ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗುವ ಕಾಯಿಲೆ), ಮೂರ್ಛೆರೋಗ ಇದ್ದವರಿಗೆ ಬೇಡ. ಬಂಗು ಇದ್ದವರಿಗೂ ನೀಲಿ ಬೆಳಕು ಬೇಡ. ನಮ್ಮ ಗೋಧಿ ಬಣ್ಣದ, ಕಪ್ಪು ಚರ್ಮ ನೀಲಿ ಬೆಳಕಿಗೆ ಕಪ್ಪಾಗುವುದು ಬೇಗ, ಆ ಕಪ್ಪು ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿ ಚರ್ಮದವರಿಗೆ ಬರೆದ ಸಮಯವನ್ನು ಕಣ್ಣು ಮುಚ್ಚಿ ನಾವು ಪಾಲಿಸುವ ಹಾಗಿಲ್ಲ. ಇನ್ನು, ಮೆಡಿಕಲ್ ಶಾಪಿನಲ್ಲಿ ಬೆಳ್ಳಗಾಗಲು ಅಂತ ಕೇಳಿ ತಂದ ಕ್ರೀಮ್ ಹಚ್ಚುತ್ತಿದ್ದೀರಾ? ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊಡವೆ ತರಿಸುತ್ತಿರುವುದು ಅದೇ ಇರಬಹುದು. ಆ ಟ್ಯೂಬು ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕೇಳಿ ನೋಡಿ, ಇದೊಂದಕ್ಕೆ ಹುಬ್ಬಳ್ಳಿವರೆಗೆ ಬಸ್ ಹತ್ತಬೇಕಾಗಿಲ್ಲ.

ಹಾಕಿಕೊಳ್ಳುವ ಕ್ರಮ ಸುಲಭ. ರಾತ್ರಿ ಮಾಡಿ. ತಲೆಗೆ ತೆಂಗಿನೆಣ್ಣೆ ಹಚ್ಚಿದ ದಿನ ಮೊದಲು ಹಣೆ ಅಂಚು, ಕಿವಿ ಪಕ್ಕ ತೊಳೆಯಿರಿ. ಅಲ್ಲಿಗೆ ಇಳಿಯುವ ಎಣ್ಣೆಯೇ ರಂಧ್ರ ಮುಚ್ಚುವುದು. ಸೌಮ್ಯವಾದ ಫೇಸ್‌ವಾಶ್ ಸಾಕು. ಒರೆಸಿ, ಫ್ಯಾನ್ ಕೆಳಗೆ ಐದು ನಿಮಿಷ ಕೂತು ಬೆವರು ಪೂರ್ತಿ ಆರಲಿ, ಕರಾವಳಿಯಲ್ಲಿ ಈ ಐದು ನಿಮಿಷ ಬೇಕೇ ಬೇಕು. ಮುಖಕ್ಕೆ ಏನೂ ಹಚ್ಚಿರಬಾರದು. ಮಾಸ್ಕಿನ ಜೊತೆ ಕೊಟ್ಟ ಕಣ್ಣಿನ ಕನ್ನಡಕ ಹಾಕಿಕೊಳ್ಳಿ, ಸುಮ್ನೆ ರೆಪ್ಪೆ ಮುಚ್ಚಿದರೆ ಸಾಲದು. ಮೊದಲ ವಾರ ಕಂಪನಿ ಹೇಳಿದ ಸಮಯದ ಅರ್ಧ, ಅದೂ ದಿನ ಬಿಟ್ಟು ದಿನ. ಉರಿ, ಕಪ್ಪು ಏನೂ ಕಾಣದಿದ್ದರೆ ಮಾತ್ರ ಪೂರ್ತಿ ಸಮಯಕ್ಕೆ ಹೋಗಿ. ಮೊಬೈಲಿನಲ್ಲಿ ಟೈಮರ್ ಇಡಿ, ನಿದ್ದೆ ಬಂದುಬಿಡುತ್ತದೆ. ಮುಗಿದ ಮೇಲೆ ಎಣ್ಣೆ ಇಲ್ಲದ ಮಾಯಿಶ್ಚರೈಸರ್, ಆಮೇಲೆ ಡಾಕ್ಟರ್ ಕೊಟ್ಟ ಕ್ರೀಮ್. ಬೆಂಜಾಯಿಲ್ ಪೆರಾಕ್ಸೈಡ್ ಆದರೆ ಹಳೇ ದಿಂಬಿನ ಕವರ್ ಹಾಕಿ, ಅದು ತಾಗಿದಲ್ಲಿ ಬಟ್ಟೆಯ ಬಣ್ಣ ಹೋಗುತ್ತದೆ. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ, ಮೋಡ ಇದ್ದರೂ.

ಜೂನ್, ಜುಲೈನಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ, ಮಾಸ್ಕ್ ಚಾರ್ಜ್ ಆಗುವುದಿಲ್ಲ. ತಪ್ಪಿದ ದಿನದ್ದನ್ನು ಸೇರಿಸಿ ಎರಡು ಪಟ್ಟು ಹೊತ್ತು ಹಾಕಿಕೊಳ್ಳಬೇಡಿ. ನಾನು ಕೆಟ್ಟದ್ದು ಹೀಗೆ ಹೊತ್ತು ಹೆಚ್ಚಿಸಿಯೇ.

ಶಿರಸಿಯಲ್ಲಿರುವ ಚಿಕ್ಕಮ್ಮನ ಮಗಳು ಹಿಂದಿನ ಸಲ ಫೋನ್ ಮಾಡಿ, "ಅಕ್ಕಾ, ಜಾತ್ರೆಗೆ ಹದಿನೈದೇ ದಿನ ಇದೆ, ಮಾಸ್ಕ್ ತರಿಸ್ಲಾ?" ಅಂತ ಕೇಳಿದಳು. ಬೇಡ ಅಂದೆ. ಹದಿನೈದು ದಿನಕ್ಕೆ ಏನೂ ಆಗುವುದಿಲ್ಲ. ನಾಲ್ಕನೇ ವಾರದಿಂದ ಸ್ವಲ್ಪ ಗೊತ್ತಾಗುತ್ತದೆ, ಪೂರ್ತಿ ನೋಡಲು ಹನ್ನೆರಡು ವಾರ ಬೇಕು. ಮಾರಿಕಾಂಬಾ ಜಾತ್ರೆಗೆ ಮುಖ ತಿಳಿಯಾಗಿರಬೇಕು ಅಂದರೆ ದೀಪಾವಳಿ ಕಳೆದ ಕೂಡಲೇ ಶುರು ಮಾಡಿರಬೇಕು. ನಿಲ್ಲಿಸಿದರೆ ಬ್ಯಾಕ್ಟೀರಿಯಾ ಮತ್ತೆ ಬರುತ್ತದೆ, ಹಾಗಾಗಿ ಆಮೇಲೂ ವಾರಕ್ಕೆ ಒಂದೆರಡು ಸಲ ಹಾಕಿಕೊಳ್ಳಬೇಕಾಗಬಹುದು.

ಪ್ರತಿ ಭಾನುವಾರ ಅದೇ ಕಿಟಕಿ, ಅದೇ ಹೊತ್ತು, ಎಡಗೆನ್ನೆ, ಬಲಗೆನ್ನೆ, ಗದ್ದ ಅಂತ ಮೂರು ಫೋಟೋ ತೆಗೆದು, ಊದಿದ ಮೊಡವೆ ಎಷ್ಟು ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ನನ್ನ ಗದ್ದದಲ್ಲಿ ಎರಡನೇ ಸಲ ಸರಿಯಾಗಿ ಶುರು ಮಾಡಿದಾಗ ಹದಿನಾಲ್ಕು ಇತ್ತು, ಹನ್ನೆರಡನೇ ವಾರ ಐದು. ನಿಮ್ಮ ಲೆಕ್ಕ ಅಷ್ಟು ಹೊತ್ತಿಗೆ ಅರ್ಧಕ್ಕೂ ಇಳಿಯದಿದ್ದರೆ ಮಾಸ್ಕ್ ಕಪಾಟಿಗೆ ಇಟ್ಟು, ಆ ಫೋಟೋಗಳನ್ನು ಡಾಕ್ಟರಿಗೆ ತೋರಿಸಿ.