ದುರ್ಗ ಹುಡುಕುವಾಗ ಎಐಗೆ ಏನು ಕೇಳಬೇಕು

ಬೆಂಗಳೂರಿನ ಸುತ್ತ ಇರುವ ಕೋಟೆ ಬೆಟ್ಟಗಳನ್ನು ಒಂದೊಂದಾಗಿ ಹತ್ತಬೇಕು ಅಂತ ನಾನೂ ನನ್ನ ತಂಗಿಯೂ ಶುರು ಮಾಡಿ ಎರಡು ವರ್ಷ ಆಯಿತು. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ. ಭಾನುವಾರ ಬೆಳಗ್ಗೆ ಸ್ಕೂಟರಿನಲ್ಲಿ ಹೊರಟರೆ ಸಂಜೆ ಮನೆ.

ಮೊದಮೊದಲು ಎಐ ಆ್ಯಪ್ ಒಂದಕ್ಕೆ "ಕುಣಿಗಲ್, ಮಾಗಡಿ ಕಡೆ ಜಾಸ್ತಿ ಜನ ಹೋಗದ ಕೋಟೆ ಹೇಳು" ಅಂತ ನೇರವಾಗಿ ಕೇಳುತ್ತಿದ್ದೆ. ಪಟಪಟ ಹೆಸರು ಕೊಡುತ್ತಿತ್ತು. ಒಂದೂರಿಗೆ ಹೋಗಿ ನೋಡಿದರೆ ಕೋಟೆಯೇ ಇಲ್ಲ. ಇನ್ನೊಂದು ಬೆಟ್ಟದ ಮೇಲೆ ವರ್ಷವೆಲ್ಲ ನೀರು ಸಿಗುತ್ತದೆ ಅಂತ ಹೇಳಿತ್ತು. ಮಾರ್ಚ್ ತಿಂಗಳ ಬಿಸಿಲು, ಇಬ್ಬರಿಗೂ ಸೇರಿ ಒಂದೇ ಬಾಟಲಿ ನೀರು. ಅರ್ಧ ದಾರಿಯಲ್ಲಿ ತಂಗಿಗೆ ತಲೆಸುತ್ತು ಬಂತು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ತಮ್ಮ ನೀರು ಕೊಟ್ಟರು. "ಮೇಲೆ ನೀರು ಇದೆಯಂತಲ್ಲ ಅಜ್ಜ" ಅಂದೆ. "ಈಗೆಲ್ಲಿ ನೀರು ಕಣವ್ವ, ಮಳೆ ಬಿದ್ರೆ ದೊಣೇಲಿ ನಿಲ್ತದೆ" ಅಂದರು.

ಆಮೇಲೆ ನಾನು ಕೇಳುವ ರೀತಿಯನ್ನೇ ಬದಲಿಸಿದೆ. ಎಐಗೆ ಜಾಗ ಕೇಳುವುದಿಲ್ಲ. ಜಾಗ ಹುಡುಕುವ ಕ್ವೆರಿ, ಅಂದರೆ ನಕ್ಷೆಯ ತಾಣಕ್ಕೆ ಅರ್ಥವಾಗುವ ಭಾಷೆಯ ಪ್ರಶ್ನೆ, ಬರೆಸುತ್ತೇನೆ. ಜಾಗ ಹೇಳುವುದು ನಕ್ಷೆಯ ಕೆಲಸ.

ನಕ್ಷೆ ಅಂದರೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ಯಾರು ಬೇಕಾದರೂ ತಿದ್ದಬಹುದು, ಮಾಹಿತಿಯನ್ನು ಪುಕ್ಕಟೆಯಾಗಿ ಬಳಸಬಹುದು. ಅದರೊಳಗೆ ಹುಡುಕಲು ಓವರ್‌ಪಾಸ್ ಟರ್ಬೋ ಅಂತ ಒಂದು ತಾಣ ಇದೆ. ಎಡಗಡೆ ಕ್ವೆರಿ ಹಾಕಿ ರನ್ ಒತ್ತಿದರೆ ಬಲಗಡೆ ನಕ್ಷೆಯಲ್ಲಿ ಜಾಗಗಳು ಮೂಡುತ್ತವೆ. ಆ ಕ್ವೆರಿಯ ಭಾಷೆ ನಮಗೆ ಬರಬೇಕಿಲ್ಲ, ಅದು ಎಐಗೆ ಬರುತ್ತದೆ. ನಾನು ಕೇಳುವುದು ಹೀಗೆ:

"ಓವರ್‌ಪಾಸ್ ಟರ್ಬೋಗೆ ಕ್ವೆರಿ ಬರೆದುಕೊಡು. ಪರದೆಯಲ್ಲಿ ಕಾಣುವ ನಕ್ಷೆಯ ಭಾಗದಲ್ಲಿ ಮಾತ್ರ ಹುಡುಕಲಿ. ಕೋಟೆ ಅಂತ ಗುರುತು ಮಾಡಿರುವುದೆಲ್ಲ ಬರಲಿ. ಹೆಸರಿನಲ್ಲಿ 'ದುರ್ಗ' ಇರುವ ಬೆಟ್ಟದ ತುದಿಗಳೂ ಬರಲಿ, ಹೆಸರು ಕನ್ನಡದಲ್ಲಿದ್ದರೂ ಸರಿ, ಇಂಗ್ಲಿಷಿನಲ್ಲಿದ್ದರೂ ಸರಿ. ನೋಡ್, ವೇ, ರಿಲೇಶನ್ ಮೂರೂ ಸೇರಿರಲಿ."

ಇದರಲ್ಲಿ ಒಂದು ಮಾತೂ ಸುಮ್ನೆ ಹಾಕಿದ್ದಲ್ಲ. ಜಿಲ್ಲೆಯ ಹೆಸರು ಕೊಟ್ಟರೆ ಎಐ ಹಳೆಯ 'ತುಮ್ಕೂರ್' ಅಂತ ಬರೆದುಬಿಡಬಹುದು. 2014ರಿಂದ ಅದು ತುಮಕೂರು ಅಲ್ವಾ? ಒಂದು ಅಕ್ಷರ ತಪ್ಪಿದರೂ ಉತ್ತರ ಖಾಲಿ ಬರುತ್ತದೆ. ಅದಕ್ಕೇ ನಕ್ಷೆಯನ್ನು ಬೇಕಾದ ಕಡೆ ಎಳೆದುಕೊಂಡು, ಕಾಣುವಷ್ಟರಲ್ಲೇ ಹುಡುಕಿಸುವುದು. ಇನ್ನು ಕೋಟೆಯನ್ನು ಕೆಲವರು ಒಂದು ಚುಕ್ಕೆಯಾಗಿ ಗುರುತಿಸಿರುತ್ತಾರೆ, ಕೆಲವರು ಗೋಡೆಯ ಸುತ್ತ ಗೆರೆ ಎಳೆದಿರುತ್ತಾರೆ. ಚುಕ್ಕೆ ಅಂದರೆ ನೋಡ್, ಗೆರೆ ಅಂದರೆ ವೇ, ಇಂಥ ಹಲವನ್ನು ಒಟ್ಟು ಸೇರಿಸಿದ್ದು ರಿಲೇಶನ್. ಬರೀ ನೋಡ್ ಹುಡುಕಿದರೆ ಗೆರೆ ಎಳೆದ ಕೋಟೆಗಳೆಲ್ಲ ಬಿಟ್ಟುಹೋಗುತ್ತವೆ. 'ದುರ್ಗ' ಅಂತ ಹೆಸರು ಹಿಡಿದು ಹುಡುಕುವುದು ಇನ್ನೂ ಮುಖ್ಯ. ಎಷ್ಟೋ ಕೋಟೆಗಳನ್ನು ನಕ್ಷೆಯಲ್ಲಿ ಬರೀ ಬೆಟ್ಟ ಅಂತ ಹಾಕಿರುತ್ತಾರೆ, ಹೆಸರು ಮಾತ್ರ ನಿಜ ಹೇಳುತ್ತಿರುತ್ತದೆ.

ಕ್ವೆರಿ ಎರರ್ ಕೊಟ್ಟರೆ ಆ ಎರರನ್ನೇ ಕಾಪಿ ಮಾಡಿ ಎಐಗೆ ಕೊಡಿ, ಸಾಮಾನ್ಯವಾಗಿ ಸರಿ ಮಾಡುತ್ತದೆ. ಸಿಕ್ಕ ಜಾಗಗಳನ್ನು ಎಕ್ಸ್‌ಪೋರ್ಟ್‌ನಲ್ಲಿ ಜಿಪಿಎಕ್ಸ್ ಫೈಲ್ (ಜಾಗಗಳ ಗುರುತು ಇರುವ ಫೈಲ್) ಆಗಿ ಇಳಿಸಿಕೊಂಡು ಫೋನಿನ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ನಕ್ಷೆಯ ಆ್ಯಪ್‌ನಲ್ಲಿ ತೆರೆಯಿರಿ. ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಬೆಟ್ಟದ ಮೇಲೆ ಸಿಗ್ನಲ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ.

ದೂರ, ಸಮಯ ಯಾವತ್ತೂ ಎಐಗೆ ಕೇಳಬೇಡಿ. ದೂರವನ್ನು ನಕ್ಷೆಯ ಆ್ಯಪ್‌ನಲ್ಲೇ ಅಳೆಯಿರಿ. ಓಪನ್‌ಟೋಪೋಮ್ಯಾಪ್ ಅನ್ನುವ ತಾಣದ ನಕ್ಷೆಯಲ್ಲಿ ಎತ್ತರದ ಗೆರೆಗಳು ಕಾಣುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು ಅಂತ ಅರ್ಥ. 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುವುದು ಹಳೆಯ ಲೆಕ್ಕ. ನಮ್ಮ ಬಿಸಿಲಿಗೆ ನಾನು ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳುತ್ತೇನೆ.

ಹೊರಡುವ ಹಿಂದಿನ ದಿನ ಎರಡು ಕೆಲಸ. ಉಪಗ್ರಹ ಚಿತ್ರದಲ್ಲಿ ಕಾಲುದಾರಿ ಕಾಣುತ್ತದಾ ನೋಡಿ. ಬೆಟ್ಟ ಅರಣ್ಯ ಇಲಾಖೆಗೆ ಸೇರಿದ್ದರೆ ಅನುಮತಿ ಬೇಕಾ ಅಂತ ಇಲಾಖೆಯಲ್ಲೇ ವಿಚಾರಿಸಿ. ಊರು ಮುಟ್ಟಿದ ಮೇಲೆ ಟೀ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ದಾರಿ ಕೇಳಿ. ಮುಳ್ಳು ಬೆಳೆದು ದಾರಿ ಮುಚ್ಚಿದೆಯಾ, ಚಿರತೆ ಓಡಾಡುತ್ತಿದೆಯಾ ಅನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ವಾಪಸ್ ಬಂದ ಮೇಲೆ ನೋಡಿದ್ದನ್ನು ನಕ್ಷೆಗೆ ಸೇರಿಸಿ. ಅಕೌಂಟ್ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಕನ್ನಡ ಹೆಸರಿಗೆ ಬೇರೆಯೇ ಖಾನೆ ಇದೆ, ಊರಿನವರು ಹೇಳುವ ಹೆಸರನ್ನೇ ಅಲ್ಲಿ ಬರೆಯಿರಿ. ಅಜ್ಜ ಹೇಳಿದ ದೊಣೆಯನ್ನು ನೋಡಲು ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿದ್ದೆವು. ಬಂಡೆಯ ತಗ್ಗಿನಲ್ಲಿ ಮೊಣಕಾಲುದ್ದ ತಿಳಿನೀರು ಇತ್ತು. ಅದನ್ನು ನಕ್ಷೆಗೆ ಹಾಕಿ, 'ಇಂಟರ್‌ಮಿಟೆಂಟ್' ಅನ್ನುವ ಖಾನೆಯಲ್ಲಿ ಹೌದು ಅಂತ ಗುರುತು ಮಾಡಿದೆ. ವರ್ಷವೆಲ್ಲ ನೀರು ಇರುವುದಿಲ್ಲ ಅಂತ ಅದರ ಅರ್ಥ.