ಕಾಡು ಓಟ್ಸ್ ಹೊಸದೋ ಹಳೆಯದೋ? ಮೊದಲು ಕ್ರೋಮೋಸೋಮ್ ಎಣಿಸಿ

ಬೈಲಹೊಂಗಲದ ಕಡೆ ಗೋಧಿ ಹೊಲದಲ್ಲಿ ಓಟ್ಸ್‌ನಂಥ ಕಸ ಕಂಡರೆ ಸಾಕು, ನನ್ನ ಎಂಎಸ್ಸಿ ಹುಡುಗರು "ಮೇಡಂ, ಇದು ಹೊಸ ಪ್ರಭೇದ ಇರಬಹುದು, ಡಿಎನ್‌ಎ ಟೆಸ್ಟಿಗೆ ಕಳಿಸೋಣ್ವಾ?" ಅಂತಾರೆ. ತಡೀರಿ. ದುಡ್ಡು ಖರ್ಚು ಮಾಡೋದು ಆಮೇಲೆ.

ಮೊದಲು ಮಾಗಿದ ತೆನೆ ತಟ್ಟಿ ನೋಡಿ. ಕಾಳು ಬಿಡಿಬಿಡಿಯಾಗಿ ಉದುರಿದರೆ ಅದು ಬಹುಶಃ ಅವೆನಾ ಫಟುವಾ ಅನ್ನೋ ಕಾಡು ಓಟ್ಸ್ (ಅವೆನಾ ಅಂದ್ರೆ ಓಟ್ಸ್ ಕುಲದ ಹೆಸರು). ಎರಡು ಮೂರು ಕಾಳು ಜೋಡಿಯಾಗಿಯೇ ಬಿದ್ದರೆ ಇನ್ನೊಂದು ಕಾಡು ಓಟ್ಸ್, ಲುಡೊವಿಸಿಯಾನ. ನಮ್ಮ ದೇಶದ ಗೋಧಿ ಹೊಲಗಳಲ್ಲಿ ಜಾಸ್ತಿ ಸಿಗೋದು ಇವೆರಡೇ. ಕಾಳಿನ ಮೀಸೆ ಮೇಲೆ ಒಂದು ಹನಿ ನೀರು ಬಿಡಿ. ಹುರಿಗೊಂಡ ಬುಡ ನಿಧಾನಕ್ಕೆ ಬಿಚ್ಚುತ್ತಾ ತಿರುಗುತ್ತದೆ. ಹೀಗೆ ತಿರುಗಿ ತಿರುಗಿಯೇ ಕಾಳು ಮಣ್ಣಿಗೆ ಇಳಿಯೋದು. ಇದರಿಂದ ಪ್ರಭೇದ ಗೊತ್ತಾಗಲ್ಲ, ಸುಮ್ನೆ ನೋಡೋಕೆ ಚೆಂದ!

ಇನ್ನು ಕ್ರೋಮೋಸೋಮ್ ಎಣಿಕೆ. ಕ್ರೋಮೋಸೋಮ್ ಅಂದ್ರೆ ಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರೋ ಎಳೆ. ಓಟ್ಸ್ ಕುಲದಲ್ಲಿ ಎಲ್ಲಾ ಏಳರ ಲೆಕ್ಕ: 14, 28 ಇಲ್ಲವೇ 42. ನಾವು ತಿನ್ನೋ ಓಟ್ಸ್, ಫಟುವಾ, ಲುಡೊವಿಸಿಯಾನ ಮೂರಕ್ಕೂ 42. ಬಾರ್ಬಾಟಾ ಅನ್ನೋ ಮತ್ತೊಂದು ಕಾಡು ಓಟ್ಸ್‌ಗೆ 28. ನಮ್ಮ ಹುಗ್ಗಿಯ ಜವೆಗೋಧಿಗೆ 28, ಚಪಾತಿ ಗೋಧಿಗೆ 42 ಇದೆಯಲ್ಲ, ಅದೇ ಥರ.

ಕಾಳನ್ನು ಒದ್ದೆ ಕಾಗದದಲ್ಲಿ ಮೊಳಕೆ ಬರಿಸಿ. ಬೇರು ಒಂದೆರಡು ಸೆಂಟಿಮೀಟರ್ ಆದಾಗ ತುದಿ ಕತ್ತರಿಸಿ, ಐಸ್ ನೀರಿನಲ್ಲಿ 24 ಗಂಟೆ ಇಡಿ. ಆಮೇಲೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ಹಾಕಿಡಿ. ಮರುದಿನ 60 ಡಿಗ್ರಿ ಬಿಸಿಯ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎಂಟು ಹತ್ತು ನಿಮಿಷ ಮೆತ್ತಗಾಗಿಸಿ, ಬಣ್ಣ ಹಾಕಿ, ಗಾಜಿನ ಸ್ಲೈಡ್ ಮೇಲೆ ಇಟ್ಟು, ತೆಳು ಗಾಜಿನ ಕವರ್ ಸ್ಲಿಪ್ ಮುಚ್ಚಿ ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಸ್ಲಿಪ್ ಪಕ್ಕಕ್ಕೆ ಜಾರಿದರೆ ಎಲ್ಲಾ ಕಲಸಿಹೋಗುತ್ತದೆ. ಒಂದೇ ಕೋಶ ಎಣಿಸಿ ಎದ್ದು ಬರಬೇಡಿ.

ಡಿಎನ್‌ಎ ಸರದಿ ಈಗ. ಎಳೆ ಎಲೆ ಸಾಕು. ಕ್ಲೋರೋಪ್ಲಾಸ್ಟ್ (ಎಲೆಯ ಹಸಿರು ಕಣ) ಡಿಎನ್‌ಎ ಮಾತ್ರ ಓದಿಸಿದರೆ ತಾಯಿಯ ಕಡೆ ಕಥೆ ಅಷ್ಟೇ ಸಿಗುತ್ತದೆ. ಕೋಶಕೇಂದ್ರದ ಡಿಎನ್‌ಎಯೂ ಬೇಕು. ಹೋಲಿಸೋಕೆ ಗೊತ್ತಿರೋ ಪ್ರಭೇದಗಳ ಮಾದರಿಗಳೂ ಬೇಕು. ಸಿಸಿಲಿಯ ಅವೆನಾ ಇನ್ಸುಲಾರಿಸ್ 1998ರಲ್ಲಿ ಹೊಸ ಪ್ರಭೇದವಾಗಿ ಪ್ರಕಟವಾಯಿತು. ಓಟ್ಸ್‌ನ ಪೂರ್ವಜರಿಂದ ಬಂದ ಕ್ರೋಮೋಸೋಮ್ ಗುಂಪುಗಳನ್ನು ಎ, ಸಿ, ಡಿ ಜೀನೋಮ್ ಅಂತ ಕರೀತಾರೆ. ಇನ್ಸುಲಾರಿಸ್‌ನ 28 ಕ್ರೋಮೋಸೋಮ್ ಎ ಮತ್ತು ಸಿ ಜೀನೋಮ್‌ಗಳದ್ದು ಅಂತ ಮೊದಲು ಅಂದುಕೊಂಡಿದ್ದರು. ಡಿಎನ್‌ಎ ಓದಿದಾಗ ಸಿ ಮತ್ತು ಡಿ ಅಂತ ಗೊತ್ತಾಯಿತು. ಹೊರಗಿನಿಂದ ನೋಡಿ ಇದನ್ನು ಹೇಳೋಕೆ ಆಗ್ತಿತ್ತಾ?

ಇಷ್ಟಾದ ಮೇಲೂ ಯಾವುದಕ್ಕೂ ಹೊಂದದಿದ್ದರೆ ಹತ್ತಿರದ ಪ್ರಭೇದದ ಜೊತೆ ಅಡ್ಡತಳಿ ಮಾಡಿ ನೋಡಿ. ಹುಟ್ಟಿದ ಗಿಡ ಕಾಳು ಕಟ್ಟದಿದ್ದರೆ ಇದು ಹೊಸ ಪ್ರಭೇದ ಅನ್ನೋ ನಿಮ್ಮ ವಾದಕ್ಕೆ ಬಲ ಬರುತ್ತದೆ. ಹೆಸರಿಡೋಕೆ ಲ್ಯಾಟಿನ್ ಅಥವಾ ಇಂಗ್ಲಿಷ್ ವಿವರಣೆ ಬೇಕು, ಒಣಗಿಸಿದ ಮೂಲ ಮಾದರಿ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಇರಬೇಕು. ಹಾಗಾಗಿ ಹೊಲದಲ್ಲೇ ಗಿಡ, ಎಲೆ, ಕಾಳು ಮೂರಕ್ಕೂ ಒಂದೇ ನಂಬರ್ ಬರೆದುಕೊಂಡು ಬನ್ನಿ.