ತೋಟದ ಉಪಕರಣಗಳಿಗೊಂದು ಪೈಥಾನ್ ಏಜೆಂಟ್: ಸಂದೇಶ ಸಾಗಿಸುವ ಸೇವೆಗಳನ್ನು ಕಟ್ಟಿದ ಬಗೆ

ಮೂಡಿಗೆರೆ ಕಡೆಯ ಒಂದು ರೋಬಸ್ಟಾ ಕಾಫಿ ತೋಟದಲ್ಲಿ ಮಳೆಮಾಪಕ, ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳು, ಕೆರೆಯ ನೀರಿನ ಮಟ್ಟ ನೋಡುವ ಸಾಧನ ಮತ್ತು ಸ್ಪ್ರಿಂಕ್ಲರ್ ಮೋಟಾರಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು), ಇಷ್ಟನ್ನೂ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಸದಾ ಓಡುವ ಪ್ರೋಗ್ರಾಮನ್ನು, ಅಂದರೆ ಏಜೆಂಟನ್ನು, ಪೈಥಾನ್ ಭಾಷೆಯಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದೂರದ ಸೆನ್ಸರ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ಲೋರಾ ರೇಡಿಯೊದಲ್ಲಿ ಅಳತೆಗಳನ್ನು ಕಳಿಸುತ್ತವೆ. ಏಜೆಂಟ್ ಅವುಗಳನ್ನು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮೂಲಕ ಹೊರಗಿನ ಬ್ರೋಕರ್‌ಗೆ (ಸಂದೇಶಗಳನ್ನು ಪಡೆದು ಬೇಕಾದವರಿಗೆ ಹಂಚುವ ಸರ್ವರ್) ತಲುಪಿಸಿ, ಅಲ್ಲಿಂದ ಬರುವ ಆದೇಶಗಳನ್ನು ಮೋಟಾರಿಗೆ ಮುಟ್ಟಿಸುತ್ತದೆ. ಎಂಕ್ಯೂಟಿಟಿ 1999ರಲ್ಲಿ ಹುಟ್ಟಿದ್ದು ತೈಲದ ಕೊಳವೆ ಮಾರ್ಗಗಳ ಮೇಲೆ ಉಪಗ್ರಹ ಸಂಪರ್ಕದಲ್ಲಿ ನಿಗಾ ಇಡುವುದಕ್ಕಾಗಿ. ದುಬಾರಿಯಾದ, ಆಗಾಗ ಕಡಿದುಹೋಗುವ ಸಂಪರ್ಕವನ್ನೇ ಎದುರಿಗಿಟ್ಟುಕೊಂಡು ರೂಪಿಸಿದ ಪದ್ಧತಿಯಾದ್ದರಿಂದ, ಆಷಾಢದಲ್ಲಿ ಮರ ಬಿದ್ದು ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವ ಮಲೆನಾಡಿಗೆ ಅದು ಹೊಂದುತ್ತದೆ.

ವಿನ್ಯಾಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿದ ಸಂಗತಿಯೆಂದರೆ, ಅಳತೆಗಳನ್ನೂ ಆದೇಶಗಳನ್ನೂ ಒಂದೇ ನಿಯಮದಡಿ ಸಾಗಿಸಬಾರದು ಎಂಬುದು. ನಿನ್ನೆಯ ಮಳೆಯ ಲೆಕ್ಕ ಇಂದು ಸಂಜೆ ತಲುಪಿದರೂ ಅದಕ್ಕೆ ಬೆಲೆಯಿದೆ, ಕಳೆದುಹೋಗಬಾರದು ಅಷ್ಟೆ. ಆದರೆ ಬೆಳಿಗ್ಗೆ ಕೊಟ್ಟ ‘ಮೋಟಾರು ಹಾಕು’ ಎಂಬ ಆದೇಶ ಸಂಪರ್ಕ ಮರಳಿದ ನಡುರಾತ್ರಿಯಲ್ಲಿ ತಲುಪಿ ಜಾರಿಯಾದರೆ, ಕೆರೆ ಬರಿದಾಗಬಹುದು, ಪೈಪ್ ಬದಲಿಸಲೆಂದು ಬಿಚ್ಚಿಟ್ಟ ಲೈನಿಗೆ ನೀರು ನುಗ್ಗಬಹುದು. ಅಂಥ ಆದೇಶ ಬಾರದೇ ಹೋಗುವುದೇ ಲೇಸು.

ಏಜೆಂಟಿನ ಒಳಗೆ ರೇಡಿಯೊ ಓದುವುದು, ದಾಖಲಿಸುವುದು, ಹೊರಗೆ ಕಳಿಸುವುದು, ಮೋಟಾರು ನಡೆಸುವುದು ಇವೆಲ್ಲ ಬೇರೆ ಬೇರೆ ಸೇವೆಗಳು. ಪ್ರತಿಯೊಂದೂ ಒಂದು ಅಸಿಂಕ್‌ಐಒ ಟಾಸ್ಕ್; ಅಸಿಂಕ್‌ಐಒ ಎಂದರೆ ಹಲವು ಕೆಲಸಗಳನ್ನು ಸರದಿಯಂತೆ ಒಟ್ಟಿಗೆ ನಡೆಸುವ ಪೈಥಾನ್ ಲೈಬ್ರರಿ. ಯಾವ ಸೇವೆಯೂ ಇನ್ನೊಂದರ ಫಂಕ್ಷನ್ನನ್ನು ನೇರವಾಗಿ ಕರೆಯುವುದಿಲ್ಲ. ಪ್ರತಿ ಸೇವೆಗೂ ತನ್ನದೇ ಕ್ಯೂ (ಸಂದೇಶಗಳು ಕಾಯುವ ಸಾಲು) ಇದ್ದು, ನಡುವೆ ಕೂತ ಚಿಕ್ಕ ರೂಟರ್ ಸಂದೇಶದ ವಿಷಯವನ್ನು ನೋಡಿ ಆಯಾ ಕ್ಯೂಗೆ ಹಾಕುತ್ತದೆ, ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಿದ ಹಾಗೆ. ಕ್ಯೂಗಳಿಗೆಲ್ಲ ಗರಿಷ್ಠ ಮಿತಿ ಇಡಲೇಬೇಕು. ಮಿತಿಯಿಲ್ಲದ ಕ್ಯೂ ತೊಂದರೆಯನ್ನು ಮುಚ್ಚಿಟ್ಟು, ಕೊನೆಗೆ ಮೆಮೊರಿ ತುಂಬಿದಾಗ ಇಡೀ ಏಜೆಂಟನ್ನೇ ಕೆಡವುತ್ತದೆ. ತುಂಬಿದ ಕ್ಯೂಗೆ ಮತ್ತೊಂದು ಸಂದೇಶ ಬಂದಾಗ ಏನು ಮಾಡಬೇಕೆಂಬುದು ಸಂದೇಶದ ಜಾತಿಯ ಮೇಲೆ ನಿಂತಿದೆ: ಕೆರೆಯ ಮಟ್ಟವಾದರೆ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತೇನೆ, ಆದೇಶವಾದರೆ ಹೊಸದನ್ನು ತಿರಸ್ಕರಿಸಿ ಕಳಿಸಿದವರಿಗೆ ಹಾಗೆಂದು ತಿಳಿಸುತ್ತೇನೆ.

ಇಲ್ಲಿ ಎಚ್ಚರ ಬೇಡುವ ಸ್ಥಳವೊಂದಿದೆ. ಪೈಥಾನ್‌ನಿಂದ ಎಂಕ್ಯೂಟಿಟಿ ಬಳಸಲು ಇರುವ ಪಾಹೋ ಲೈಬ್ರರಿಯಲ್ಲಿ ‘ಲೂಪ್ ಸ್ಟಾರ್ಟ್’ ಕರೆದರೆ ನೆಟ್‌ವರ್ಕಿನ ಕೆಲಸವೆಲ್ಲ ಪ್ರತ್ಯೇಕ ಥ್ರೆಡ್‌ನಲ್ಲಿ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಎಳೆ) ನಡೆಯುತ್ತದೆ, ಸಂದೇಶ ಬಂದಾಗ ಲೈಬ್ರರಿ ಕರೆಯುವ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಕೂಡ ಅದೇ ಥ್ರೆಡ್‌ನಲ್ಲಿ ಓಡುತ್ತದೆ. ಅಸಿಂಕ್‌ಐಒದ ಕ್ಯೂ ಥ್ರೆಡ್‌ಗಳ ನಡುವೆ ಹಂಚಿಕೊಳ್ಳಲು ಮಾಡಿದ್ದಲ್ಲ. ಕಾಲ್‌ಬ್ಯಾಕ್‌ನಿಂದ ಅದಕ್ಕೆ ನೇರವಾಗಿ ಹಾಕಿದರೆ, ಕಾದು ಕುಳಿತ ಟಾಸ್ಕ್ ಕೆಲವೊಮ್ಮೆ ಎಚ್ಚರಗೊಳ್ಳುವುದೇ ಇಲ್ಲ. ಆದ್ದರಿಂದ ‘ಕಾಲ್ ಸೂನ್ ಥ್ರೆಡ್‌ಸೇಫ್’ ಮೂಲಕ, ಟಾಸ್ಕ್‌ಗಳ ಸರದಿ ನಡೆಸುವ ಇವೆಂಟ್ ಲೂಪಿಗೆ ಒಪ್ಪಿಸಬೇಕು, ಕ್ಯೂ ತುಂಬಿದ್ದರೆ ಏಳುವ ದೋಷವನ್ನು ಆ ಒಪ್ಪಿಸಿದ ಫಂಕ್ಷನ್ನಿನ ಒಳಗೇ ಹಿಡಿಯಬೇಕು. ಸೀರಿಯಲ್ ಪೋರ್ಟ್ ಓದುವಂಥ, ಮುಗಿಯುವವರೆಗೆ ಉಳಿದದ್ದನ್ನೂ ತಡೆದು ನಿಲ್ಲಿಸುವ ಕೆಲಸಗಳನ್ನು ‘ಟು ಥ್ರೆಡ್’ ಮೂಲಕ ಬೇರೆ ಥ್ರೆಡ್‌ಗೆ ತಳ್ಳಿದೆ. ಹಲವು ಟಾಸ್ಕ್‌ಗಳನ್ನು ಒಂದು ಗುಂಪಾಗಿ ನಡೆಸಲು ಪೈಥಾನ್ 3.11ರಲ್ಲಿ ಬಂದ ಟಾಸ್ಕ್‌ಗ್ರೂಪ್ ನೋಡಲು ಅಚ್ಚುಕಟ್ಟಾಗಿದ್ದರೂ, ಒಂದು ಟಾಸ್ಕ್ ಬಿದ್ದರೆ ಉಳಿದವನ್ನೂ ರದ್ದುಮಾಡುವ ಅದರ ಗುಣ ಇಲ್ಲಿಗೆ ಸಲ್ಲದು; ಮಳೆಮಾಪಕದ ಸೇವೆ ಕೆಟ್ಟಿತೆಂದು ಮೋಟಾರಿನ ಸೇವೆ ನಿಲ್ಲಬೇಕಿಲ್ಲವಲ್ಲ. ಬಿದ್ದ ಸೇವೆಯನ್ನಷ್ಟೇ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಎಬ್ಬಿಸುವ ಮೇಲ್ವಿಚಾರಕವೊಂದನ್ನು ನಾನೇ ಬರೆದೆ.

ಅಳತೆಗಳು ಮೊದಲು ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸಿನ ಕೋಷ್ಟಕಕ್ಕೆ ಬಿದ್ದು, ಅನಂತರ ಕ್ಯೂಒಎಸ್ 1ರಲ್ಲಿ ಹೊರಡುತ್ತವೆ. ಬ್ರೋಕರ್ ಸ್ವೀಕೃತಿ ಕೊಟ್ಟ ಮೇಲೆಯೇ ಆ ಸಾಲು ಅಳಿಯುತ್ತದೆ. ಕ್ಯೂಒಎಸ್ ಎಂಬುದು ಸಂದೇಶ ತಲುಪಿಸುವ ಖಾತರಿಯ ಮಟ್ಟ; ಅದು 1 ಎಂದರೆ ಕನಿಷ್ಠ ಒಂದು ಸಲ ತಲುಪುತ್ತದೆ. ಅದೇ ಸಂದೇಶ ಮತ್ತೊಮ್ಮೆ ತಲುಪಿದರೆ ಗುರುತಿಸಲೆಂದು ಪ್ರತಿ ಅಳತೆಗೂ ಒಂದು ಗುರುತುಸಂಖ್ಯೆ ಇದೆ. ಮಳೆಮಾಪಕದ ಬಟ್ಟಲು ನೀರು ತುಂಬಿ ಮಗುಚಿದ ಪ್ರತಿ ಸಲದ ಸುದ್ದಿಗೆ ಬದಲು, ಈವರೆಗೆ ಒಟ್ಟು ಎಷ್ಟು ಸಲ ಮಗುಚಿತೆಂಬ ಸಂಖ್ಯೆಯನ್ನೇ ಸೆನ್ಸರ್ ಕಳಿಸುತ್ತದೆ. ರೇಡಿಯೊದಲ್ಲಿ ನಡುವಿನದೊಂದು ಕಳೆದರೂ ಮುಂದಿನದರಲ್ಲಿ ಲೆಕ್ಕ ಸರಿಹೋಗುತ್ತದೆ. ಬೆಳೆಗಾರರು ಮಳೆಯನ್ನು ಇಂಚು, ಸೆಂಟ್‌ಗಳಲ್ಲಿಯೇ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ) ಹೇಳುವುದರಿಂದ, ಮಿಲಿಮೀಟರನ್ನು ಸೆಂಟಿಗೆ ತಿರುಗಿಸುವುದು ಫೋನಿನ ಪರದೆಯ ಕೆಲಸ, ಏಜೆಂಟಿನದಲ್ಲ.

ಆದೇಶದ ದಾರಿ ಇದಕ್ಕಿಂತ ಬಿಗಿಯಾದುದು. ಬ್ರೋಕರ್‌ನಲ್ಲಿ ತನ್ನ ಸೆಷನ್ (ಯಾವ ಸಂದೇಶಗಳು ಬೇಕೆಂಬ ನೆನಪು) ಉಳಿಸಿಕೊಂಡ ಏಜೆಂಟ್ ಸಂಪರ್ಕದಲ್ಲಿ ಇಲ್ಲದಾಗ ಬಂದ ಕ್ಯೂಒಎಸ್ 1 ಸಂದೇಶಗಳನ್ನು ಬ್ರೋಕರ್ ಕೂಡಿಟ್ಟು, ಮರಳಿದ ಕೂಡಲೇ ಕೊಡುತ್ತದೆ. ಅಪಾಯವಿರುವುದು ಈ ಉಪಕಾರದಲ್ಲಿಯೇ. ಎಂಕ್ಯೂಟಿಟಿಯ 5ನೇ ಆವೃತ್ತಿಯಲ್ಲಿ ಸಂದೇಶಕ್ಕೆ ಆಯುಷ್ಯವನ್ನು ಸೆಕೆಂಡುಗಳಲ್ಲಿ ನಿಗದಿಪಡಿಸಬಹುದು, ಅದು ಮುಗಿದದ್ದನ್ನು ಬ್ರೋಕರ್ ಕೊಡುವುದಿಲ್ಲ. ಸಂದೇಶ ಏಜೆಂಟಿನ ಕ್ಯೂನಲ್ಲೂ ಕಾಯಬಹುದಾದ್ದರಿಂದ, ರಿಲೇ ಎಳೆಯುವ ಮುನ್ನ ಮೋಟಾರಿನ ಸೇವೆ ಮತ್ತೊಮ್ಮೆ ವೇಳೆಯನ್ನು ಪರೀಕ್ಷಿಸುತ್ತದೆ. ಆದರೆ ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಕರೆಂಟ್ ಬಂದಾಗ ಅದರ ವೇಳೆ ಹಿಂದೆಯೇ ಇದ್ದು, ಅದು ಸರಿಹೋಗುವ ಮೊದಲೇ ಆದೇಶ ಬಂದರೆ ಹಳಸಿದ್ದೂ ಹೊಸದರಂತೆ ಕಾಣುತ್ತದೆ. ಹೀಗಾಗಿ ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಸೇರಿಸಿದೆ. ವೇಳೆಯ ಮೇಲೆ ಭರವಸೆ ಇಲ್ಲದಾಗ ಯಾವ ಆದೇಶವನ್ನೂ ಜಾರಿಮಾಡುವುದಿಲ್ಲ. ಆದೇಶದ ಒಕ್ಕಣೆಯೂ ‘ಸ್ಥಿತಿ ಬದಲಿಸು’ ಎಂದಲ್ಲ, ‘ಇಷ್ಟು ಗಂಟೆಯವರೆಗೆ ಹಾಕಿರು’ ಎಂದು. ಎರಡು ಸಲ ಬಂದರೂ ಫಲ ಒಂದೇ.

ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಕೇಳಿದ್ದು ಒಂದನ್ನೇ: “ಸರ್, ನಿಂತಿರೋದು ಮೋಟಾರೋ ಇಲ್ಲ ನಿಮ್ಮ ಸಿಗ್ನಲ್ಲೋ, ಅಷ್ಟು ಗೊತ್ತಾದ್ರೆ ನಾನು ಪಂಪ್‌ಹೌಸ್‌ವರೆಗೆ ನಡೆಯೋದು ತಪ್ಪುತ್ತೆ.” ಅದಕ್ಕೆ ಉತ್ತರ ಎಂಕ್ಯೂಟಿಟಿಯ ‘ಲಾಸ್ಟ್ ವಿಲ್’ನಲ್ಲಿತ್ತು. ಏಜೆಂಟ್ ಸಂಪರ್ಕ ಮಾಡುವಾಗಲೇ ‘ಸಂಪರ್ಕವಿಲ್ಲ’ ಎಂಬ ಸಂದೇಶವನ್ನು ಬ್ರೋಕರ್‌ನಲ್ಲಿ ಇಟ್ಟಿರುತ್ತದೆ. ಕೀಪ್‌ಅಲೈವ್ ಅವಧಿಯ (ಏಜೆಂಟ್ ಇಷ್ಟರೊಳಗೆ ಒಮ್ಮೆಯಾದರೂ ಸದ್ದು ಮಾಡಬೇಕೆಂಬ ಗಡುವು) ಒಂದೂವರೆ ಪಟ್ಟು ಸಮಯ ಏನೂ ಸದ್ದಿಲ್ಲದಿದ್ದರೆ ಬ್ರೋಕರ್ ಅದನ್ನು ಪ್ರಕಟಿಸುತ್ತದೆ. ಮೋಟಾರಿನ ಸ್ಥಿತಿ ಬೇರೆಯೇ ವಿಷಯದಡಿ (ಟಾಪಿಕ್), ಬ್ರೋಕರ್ ಉಳಿಸಿಟ್ಟುಕೊಂಡು ಅನಂತರ ಕೇಳಿದವರಿಗೂ ಕೊಡುವ ಸಂದೇಶವಾಗಿ, ಅಳೆದ ವೇಳೆಯೊಂದಿಗೆ ಇರುತ್ತದೆ. ರೈಟರ ಫೋನಿನಲ್ಲಿ ಈಗ ಇವೆರಡೂ ಎರಡು ಸಾಲುಗಳಾಗಿ ಕಾಣುತ್ತವೆ. ಮೇಲಿನ ಸಾಲು ಕೆಂಪಾಗಿದ್ದರೆ ಕೆಳಗಿನದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.